ಲೋಡಿಗೊಂದು ಗೋಣಿ

ಭತ್ತ ಬೇಯುವ ವಾಸನೆ ಮೂಗಿಗೆ ಬಿದ್ದರೆ ನಮ್ಮ ಕಡೆಯವರಿಗೆ ಹಸಿವಾಗುತ್ತದೆ. ನನಗೆ ಸಿಟ್ಟು ಬರುತ್ತದೆ. ಮೊನ್ನೆ ಬ್ರಹ್ಮಾವರಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಹೆದ್ದಾರಿ ಬದಿಯ ಅಕ್ಕಿ ಮಿಲ್ಲೊಂದರಿಂದ ಹಬೆ ಏಳುತ್ತಿತ್ತು. ಪಕ್ಕದಲ್ಲಿದ್ದ ಹೆಂಗಸು ಕಣ್ಣು ಮುಚ್ಚಿ ಉಸಿರೆಳೆದುಕೊಂಡು, "ಬಿಸಿ ಗಂಜಿ ಉಂಬ ಅಂದೇಳಿ ಆತ್ತ್, ಅಲ್ದಾ?" ಎಂದರು. ನಾನು ಹ್ಞೂಂ ಎಂದೆ. ನನಗೆ ನೆನಪಾದದ್ದು ಗಂಜಿಯಲ್ಲ. ಕೆಲವು ವರ್ಷ ಹಿಂದಿನ ಒಂದು ಕಾರ್ತಿ ಬೆಳೆಯ, ಅಂದರೆ ಮಳೆಗಾಲದ ಭತ್ತದ ಕೊಯ್ಲು, ಇಂಥದೇ ಒಂದು ಮಿಲ್ಲು, ಮತ್ತು ಮೊಬೈಲಿನಲ್ಲಿ ಕೆಂಪಕ್ಷರ ಕಂಡರೆ ಮೈಮೇಲೆ ಬಂದವರ ಹಾಗೆ ಆಡುತ್ತಿದ್ದ ಅದರ ಸಾಹುಕಾರರು.

ಆಗ ಕುಂದಾಪುರದಲ್ಲಿ ನಮ್ಮದೊಂದು ಆಫೀಸಿತ್ತು. ಆಫೀಸು ಅಂದರೆ ಬಟ್ಟೆ ಅಂಗಡಿಯ ಮೇಲಿನ ಒಂದು ಕೋಣೆ, ಎರಡು ಮೇಜು, ಮಳೆ ಬಂದರೆ ಸೋರುವ ಒಂದು ಮೂಲೆ. ಪಾಲುದಾರರು ಇಬ್ಬರೇ. ನಾವುಂದದಿಂದ ಬಸ್ಸಿನಲ್ಲಿ ಬರುವ ನಾನು, ಕೋಡಿಯಿಂದ ಬೈಕಿನಲ್ಲಿ ಬರುವ ಗಣೇಶ. ಅಂಗಡಿಗಳ ಬಿಲ್ಲಿಂಗು, ಐಸ್ ಪ್ಲಾಂಟಿನ ಲೆಕ್ಕ, ಮಿಲ್ಲಿನ ತೂಕದ ಲೆಕ್ಕ ಎಂದು ಬಂದ ಕೆಲಸವನ್ನೆಲ್ಲ ಹಿಡಿಯುತ್ತಿದ್ದೆವು. ಇಬ್ಬರದೂ ಮೀನಿನ ಮನೆ. ಅವನ ಅಪ್ಪ ಬೋಟಿಗೆ ಹೋಗುವವರು, ನನ್ನ ಅಮ್ಮ ಬುಟ್ಟಿ ಹೊತ್ತು ಮೀನು ಮಾರಿದವಳು. ಅಷ್ಟು ಬಿಟ್ಟರೆ ನಮ್ಮಿಬ್ಬರಿಗೆ ಯಾವುದರಲ್ಲೂ ತಾಳಮೇಳ ಇರಲಿಲ್ಲ.

ನಾನು ಪೈಥಾನಿನವಳು, ಅವನು ಕಾಟ್ಲಿನ್‌ನವನು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ನನ್ನ ಅಮ್ಮನ ಅಡುಗೆಮನೆಯ ಹಾಗೆ. ಡಬ್ಬಿಯ ಮೇಲೆ ಸಕ್ಕರೆ ಎಂದಿರುತ್ತದೆ, ಒಳಗೆ ಮೆಂತೆ ಇರುತ್ತದೆ. ಅಮ್ಮನಿಗೆ ಗೊತ್ತಿರುತ್ತದೆ, ಅಡುಗೆ ನಡೆಯುತ್ತದೆ. ಒಂದು ಹೆಸರಿನಡಿ ಬೆಳಿಗ್ಗೆ ಅಂಕಿ ಇಡಿ, ಮಧ್ಯಾಹ್ನ ಅಕ್ಷರ ಇಡಿ, ಅದು ತುಟಿ ಪಿಟಕ್ಕೆನ್ನುವುದಿಲ್ಲ. ಕಾಟ್ಲಿನ್ ಹಾಗಲ್ಲ. ಇದು ಅಂಕಿಯ ಡಬ್ಬಿ ಎಂದು ಒಮ್ಮೆ ಬರೆದರೆ ಅದಕ್ಕೆ ಅಂಕಿಯೇ ಬೀಳಬೇಕು, ಬೇರೇನು ಹಾಕಹೊರಟರೂ ಪ್ರೋಗ್ರಾಮು ಓಡುವ ಮೊದಲೇ ತಡೆಯುತ್ತದೆ. ಅವರವರ ಮನೆಯಲ್ಲಿದ್ದಾಗ ಎರಡೂ ಒಳ್ಳೆಯವೇ. ರಗಳೆ ಶುರುವಾಗುವುದು ಈ ಮನೆಯ ಸಾಮಾನು ಆ ಮನೆಗೆ ಹೋಗುವಾಗ. ಆಗ ಬಾಗಿಲಲ್ಲಿ ಯಾರಾದರೂ ನಿಂತು "ಇದು ಅಂಕಿಯೇ ಹೌದು" ಎಂದು ಹೇಳಿ ಒಳಗೆ ಬಿಡಬೇಕು. ಅದಕ್ಕೆ ನಮ್ಮ ಕಸುಬಿನಲ್ಲಿ ಟೈಪ್ ಕಾಸ್ಟಿಂಗ್ ಎನ್ನುತ್ತಾರೆ. ನೋಡಿ ಹೇಳಿದರೆ ಸರಿ. ನೋಡದೆ ಹೇಳುವವರೇ ಜಾಸ್ತಿ.

ಬ್ರಹ್ಮಾವರದ ಒಳದಾರಿಯ ಆ ಮಿಲ್ಲಿನಲ್ಲಿ ಭತ್ತ ತೂಗಿ ಚೀಟಿ ಕೊಡುವ ಪ್ರೋಗ್ರಾಮು ಪೈಥಾನಿನದು. ಯಾರೋ ಬರೆದು ಬಿಟ್ಟುಹೋದದ್ದನ್ನು ನಾನು ನೋಡಿಕೊಳ್ಳುತ್ತಿದ್ದೆ. ತೂಕದ ಯಂತ್ರದ ಪಕ್ಕ ಟ್ಯಾಬ್ ಹಿಡಿದು ಸುಮತಿ ಎಂಬ ಹುಡುಗಿ ಕೂರುತ್ತಿದ್ದಳು. ಗೋಣಿಯ ತೂಕ ತಾನಾಗಿ ಬರುತ್ತಿತ್ತು, ಎಷ್ಟನೆಯ ಗೋಣಿ ಎಂಬ ಸಂಖ್ಯೆಯನ್ನು ಮಾತ್ರ ಕೈಯಾರೆ ಹೊಡೆಯಬೇಕು, ಯಾಕೆಂದರೆ ಒದ್ದೆ ಗೋಣಿಗಳನ್ನು ಬದಿಗಿಟ್ಟು ಆಮೇಲೆ ತೂಗುವುದಿತ್ತು. ಕೊನೆಗೆ ರೈತರಿಗೆ ಕೊಡುವ ಚೀಟಿಯಲ್ಲಿ ಒಟ್ಟು ಗೋಣಿ, ಒಟ್ಟು ತೂಕ ಇಷ್ಟೇ ಅಚ್ಚಾಗುತ್ತಿತ್ತು. ವರ್ಷಗಟ್ಟಲೆ ಅದು ಒಂದು ದಿನವೂ ತಪ್ಪಿರಲಿಲ್ಲ.

ಸಾಹುಕಾರರಿಗೆ ಮುಂಬೈಯಲ್ಲಿ ಹೋಟೆಲುಗಳಿದ್ದವು. ತಿಂಗಳಲ್ಲಿ ಹೆಚ್ಚು ದಿನ ಅಲ್ಲೇ. ಆ ವರ್ಷ ಕೊಯ್ಲಿಗೆ ಸ್ವಲ್ಪ ಮುಂಚೆ ಅವರಿಗೆ ಮಿಲ್ಲಿಗೆ ಬಂದ ಪ್ರತಿ ಗೋಣಿಯೂ ಮುಂಬೈಯಲ್ಲಿ ಕೂತು ಮೊಬೈಲಿನಲ್ಲಿ ಕಾಣಬೇಕು ಎನಿಸಿತು. ಗಣೇಶ ಕಾಟ್ಲಿನ್‌ನಲ್ಲಿ ಚಂದದ ಆ್ಯಪ್ ಮಾಡಿದ. ನನ್ನ ಹಳೇ ಪ್ರೋಗ್ರಾಮಿನಿಂದ ಒಂದೊಂದು ಲೋಡಿನ ಪಟ್ಟಿ ಅವನ ಆ್ಯಪಿಗೆ ಹೋಗಬೇಕು, ಅದು ಕೂಡಿಸಿ ತೋರಿಸಬೇಕು. ಆಫೀಸಿನಲ್ಲಿ ಕೂತು ಒಂದು, ಎರಡು, ಮೂರು ಎಂದು ಸುಳ್ಳು ಗೋಣಿಗಳನ್ನು ಹೊಡೆದು ನೋಡಿದೆವು. ಎಲ್ಲ ಸರಿ ಬಂತು. ಗಣೇಶ ಗೋಳಿಬಜೆ ತರಿಸಿದ.

ಕೊಯ್ಲು ಶುರುವಾಯಿತು, ಜೊತೆಗೆ ಸಂಜೆಸಂಜೆ ಗುಡುಗಿನ ಮಳೆ. ಗದ್ದೆಯಲ್ಲಿ ಬೆಳೆ ಮಲಗುತ್ತದೆಂದು ಎಲ್ಲರೂ ಒಟ್ಟಿಗೇ ಕಟಾವು ಯಂತ್ರ ತರಿಸಿದ್ದರಿಂದ ಮಿಲ್ಲಿನ ಎದುರು ಲಾರಿ, ಟೆಂಪೋ, ಆಟೋರಿಕ್ಷಾಗಳ ಸಾಲು. ಅಂಥ ಗಡಿಬಿಡಿಯಲ್ಲಿ ಸಾಹುಕಾರರ ಫೋನು ಬಂತು.

"ಹ್ವಾಯ್, ಎಂತ ಮಾರ್ರೆ ಇದ್? ಕೆಂಪ್ ಕೆಂಪ್ ಇಂಗ್ಲೀಷ್ ಬತ್ತಾ ಇತ್ತಲೆ! ನನ್ ಎದ್ರಿಗ್ ನಾಲ್ಕ್ ಜನ ಕೂಕಂಡಿದ್ರ್. ಇಜ್ಜತ್ ಇಲ್ಯಾ ನಂಗೆ?"

"ಸಾವ್ಕಾರ್ರೆ, ಅಂಕಿ ಬಪ್ಪು ಜಾಗದಲ್ ಬೇರೆ ಎಂತದೋ ಬತ್ತಾ ಇತ್ತ್. ಎಂತದ್ ಅಂದೇಳಿ ಕಂಡ್ ಹೇಳ್ತೆ" ಎಂದೆ.

"ಅದೆಲ್ಲ ನಂಗ್ ಬ್ಯಾಡ. ಇನ್ ಮೇಲೆ ಕೆಂಪಕ್ಷರ ಬಪ್ಪುಕಾಗ. ಬಾತ್ ಖತಮ್."

ನಮ್ಮಿಬ್ಬರ ಜಗಳ ಅಲ್ಲಿಂದ ಹತ್ತಿಕೊಂಡಿತು. ಅಕ್ಷರವನ್ನು ಅಂಕಿ ಮಾಡಲಾಗುವುದಿಲ್ಲ ಎಂದು ಆ ಕೆಂಪಕ್ಷರ ಹೇಳುತ್ತಿತ್ತು, ಸರಿ. ಯಾವ ಅಕ್ಷರ, ಎಲ್ಲಿಂದ ಬಂತು ಎಂದು ಹೇಳುತ್ತಿರಲಿಲ್ಲ. ಅದು ಬೆರಳು ತೋರಿಸುತ್ತಿದ್ದದ್ದು ಗಣೇಶ ಬರೆದ ಕೂಡಿಸುವ ಸಾಲಿನ ಕಡೆಗೆ. ಕಾರಣ ಇಷ್ಟೇ. ಬಾಗಿಲಲ್ಲಿ ಅವನು ನನ್ನ ಪಟ್ಟಿಯನ್ನು "ಇದು ಅಂಕಿಗಳ ಪಟ್ಟಿ" ಎಂದು ಇಡಿಯಾಗಿ ಕಾಸ್ಟ್ ಮಾಡಿದ್ದ. ಅಲ್ಲಿ ಅದು ಪಟ್ಟಿ ಹೌದೋ ಅಲ್ಲವೋ ಎಂದಷ್ಟೇ ನೋಡುತ್ತದೆ, ಒಳಗಿರುವುದನ್ನು ಒಂದೊಂದಾಗಿ ಬಿಚ್ಚಿ ನೋಡುವುದಿಲ್ಲ. ತಪ್ಪು ಹೊರಬೀಳುವುದು ಆಮೇಲೆ, ಎಲ್ಲೋ ಒಳಗೆ, ಕೂಡಿಸುವವನು ಅದನ್ನು ಕೈಗೆತ್ತಿಕೊಂಡಾಗ. ತಂದು ಹಾಕಿದವರು ಅಷ್ಟು ಹೊತ್ತಿಗೆ ಮನೆ ಸೇರಿರುತ್ತಾರೆ, ಎತ್ತಿಕೊಂಡವನು ಬೈಗುಳ ತಿನ್ನುತ್ತಾನೆ.

"ಕಸ ಕಳ್ಸೂದ್ ನಿನ್ ಪೈಥಾನ್, ಬೈಸ್ಕಂಬುದ್ ನಾನಾ?" ಎಂದ ಗಣೇಶ.

"ಬಾಗ್ಲಲ್ ನಿಂತ್ ಕಾಣ್ದೇ ಒಳಗ್ ಬಿಟ್ಟದ್ ಯಾರ್?" ಎಂದೆ.

"ಟ್ಯಾಬಿಂದ ಖಾಲಿ ಸಾಲ್ ಬತ್ತಿರ್ಕ್, ಮತ್ತೆಂತ ಇಲ್ಲೆ" ಎಂದು ಅವನೇ ತೀರ್ಮಾನ ಮಾಡಿದ. ಹೊಂದದ್ದು ಬಂದರೆ ಅದನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗು ಎಂದು ಎರಡು ಸಾಲು ಬರೆದ. ಎಂತ ಬತ್ತಿತ್ತ್ ಅಂದಾರೂ ಒಂದ್ ಕಡೆ ಬರ್ದಿಡ್ಸ್ ಮಾರಾಯ ಎಂದು ಗೋಗರೆದೆ. "ಕಾಂಬ, ಕೊಯ್ಲ್ ಮುಗಿಲಿ" ಎಂದ. ಈ ಕಾಂಬ, ಅಂದರೆ ನೋಡೋಣ, ಎಂಬ ಮಾತು ನಮ್ಮೂರಲ್ಲಿ ಎಷ್ಟು ಕೆಲಸ ಕೆಡಿಸಿದೆ ಎಂದು ಯಾರಾದರೂ ಕೂತು ನೋಡಬೇಕು. ಅಂತೂ ಕೆಂಪಕ್ಷರ ನಿಂತಿತು. ಸಾಹುಕಾರರು ಖುಷಿಯಾಗಿ ಫೋನು ಮಾಡಿ ಶಾಬಾಸ್ ಎಂದರು. ಮತ್ತೆ ಸ್ವಲ್ಪ ದಿನಕ್ಕೆ, ಈ ಸಲ ಭತ್ತಕ್ಕೆ ಅಕ್ಕಿ ಬಹಳ ಚೆನ್ನಾಗಿ ಬೀಳುತ್ತಿದೆ, ಹೊಸ ಮಿಶಿನ್ ಹಾಕಿದ್ದು ಸಾರ್ಥಕವಾಯಿತು ಎಂದೂ ಹೇಳಿದರು. ನಾನು ಒಳ್ಳೆಯದಾಯಿತು ಎಂದೆ.

ಆಮೇಲೆ ಅವರೇ ಊರಿಗೆ ಬಂದರು. ಕೂಡಲೇ ಮಿಲ್ಲಿಗೆ ಬರಬೇಕು ಎಂದು ನನಗೆ ಕರೆ ಬಂತು. ಹೋದೆ. ಅಂಗಳದಲ್ಲಿ ಟಾರ್ಪಾಲಿನ ಮೇಲೆ ಹಿಂದಿನ ಸಂಜೆಯ ಮಳೆನೀರು ಇನ್ನೂ ನಿಂತಿತ್ತು. ತೂಕದ ಯಂತ್ರದ ಹತ್ತಿರ ಲೋಡಿಂಗಿನವರು, ಭತ್ತ ತಂದ ರೈತರು, ಟ್ಯಾಬ್ ಹಿಡಿದ ಸುಮತಿ, ನಡುವೆ ಶೀನಣ್ಣ.

ಶೀನಣ್ಣ ಗುಲ್ವಾಡಿಯವರು. ದೊಡ್ಡ ಸಾಹುಕಾರರ, ಅಂದರೆ ಈಗಿನವರ ಅಪ್ಪನ ಕಾಲದಿಂದ ಅಲ್ಲಿ ಭತ್ತ ತೂಗುವವರು ಅವರೇ. ಗೋಣಿ ಯಂತ್ರದ ಮೇಲೆ ಕೂತ ಕೂಡಲೇ ಅಂಗಳದ ಆ ತುದಿಗೂ ಕೇಳುವಂತೆ ಸಂಖ್ಯೆ ಕೂಗುವುದು, ಸುಮತಿ ಅದನ್ನು ಹೊಡೆಯುವುದು, ಗೋಣಿ ಬಿಚ್ಚಿ ಭತ್ತವನ್ನು ನೆನೆಸುವ ತೊಟ್ಟಿಗೆ ಸುರಿಯುವುದು. ಸುರಿದ ಮೇಲೆ ಭತ್ತ ಭತ್ತದೊಳಗೆ ಸೇರಿತು. ಮತ್ತೊಮ್ಮೆ ಎಣಿಸಿ ನೋಡೋಣ ಎಂದರೆ ಆಗುವುದಿಲ್ಲ.

ಸಾಹುಕಾರರು ಒಂದು ಕೈಯಲ್ಲಿ ರೈತರ ಚೀಟಿಯ ಪ್ರತಿಗಳನ್ನು, ಇನ್ನೊಂದರಲ್ಲಿ ಮೊಬೈಲನ್ನು ಹಿಡಿದಿದ್ದರು. "ಚೀಟಿಲಿ ನಲ್ವತ್ತ್, ಫೋನಲ್ ಮೂವತ್ತೊಂಬತ್ತ್. ಇದ್ರಲ್ ಹದ್ನೆಂಟ್, ಇಲ್ ಹದ್ನೇಳ್. ಲೋಡಿಗೊಂದ್ ಗೋಣಿ ಎಲ್ ಹೋತ್ತ್ ಶೀನ?" ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದರು.

ಶೀನಣ್ಣನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಹೆಗಲ ಮೇಲಿನ ಬೈರಾಸು ತೆಗೆದು ಕೈಯಲ್ಲಿ ಹಿಡಿದುಕೊಂಡರು. "ನಾನ್ ಕದ್ದೆ ಅಂಬ್ರಾ, ಸಾವ್ಕಾರ್ರೆ?"

"ನಾ ಹೇಳೂದಲ್ಲ. ಫೋನ್ ಹೇಳ್ತ್."

ನಿನ್ನೆಯವರೆಗೆ ಶೀನಣ್ಣನ ಜೊತೆ ಒಂದೇ ಬುತ್ತಿ ಬಿಚ್ಚಿ ಉಂಡವರು ಗೋಣಿಗಳನ್ನು ನೋಡುತ್ತ ನಿಂತರು. ಶೀನಣ್ಣ ನನ್ನ ಕಡೆ ಒಮ್ಮೆ ನೋಡಿದರು. ಆ ಫೋನು, ಆ್ಯಪು ಎಲ್ಲ ನಮ್ಮದೇ ಎಂದು ಅವರಿಗೆ ಗೊತ್ತಿತ್ತು. "ಫೋನಿಗ್ ಹೇಳುಕ್ ಬತ್ತ್ ಅಂದ್ರೆ ತೂಗುಕೂ ಬತ್ತ್. ನಾನ್ ಹೋತೆ" ಎಂದು ಗೇಟಿನ ಕಡೆ ನಡೆದರು.

ಸಾಹುಕಾರರು ನನ್ನ ಕಡೆ ತಿರುಗಿದರು. "ಮೇಡಂ, ಯಾವ್ ಲೋಡಲ್ ಎಷ್ಟ್ ಹ್ವಾಯ್ತ್ ಅಂದೇಳಿ ಪೂರಾ ರಿಪೋರ್ಟ್ ಮಾಡಿ ಕೊಡಿ. ನಾಳೆ ಪೊಲೀಸ್ ಸ್ಟೇಷನಿಗ್ ಹೋಪುದೇ."

ಬಸ್ಸಿನಲ್ಲಿ ಕುಂದಾಪುರಕ್ಕೆ ವಾಪಸು ಬರುವಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕದಿಯುವವನು ಲೆಕ್ಕ ಇಟ್ಟುಕೊಂಡು ಲೋಡಿಗೊಂದೇ ಗೋಣಿ ಕದಿಯುತ್ತಾನೆಯೇ? ಹಗಲಲ್ಲಿ, ಅಷ್ಟು ಜನರ ನಡುವೆ? ಆಫೀಸಿಗೆ ಬಂದು ಪಟ್ಟಿ ತೆಗೆಸಿದೆ. ಬೈಂದೂರಿನ ಕಡೆಯಿಂದ ಲಾರಿಯಲ್ಲಿ ಬಂದ ಲೋಡಿನಲ್ಲೂ ಒಂದು ಕಡಿಮೆ, ಆಟೋದಲ್ಲಿ ಬಂದ ಮೂರು ಗೋಣಿಯಲ್ಲೂ ಒಂದು ಕಡಿಮೆ. ಯಾರೋ ಅಜ್ಜಿ ಒಂದೇ ಗೋಣಿ ತಂದಿದ್ದರು. ಆ್ಯಪಿನ ಪ್ರಕಾರ ಆ ಅಜ್ಜಿ ಮಿಲ್ಲಿಗೆ ಬಂದೇ ಇಲ್ಲ!

"ಗಣೇಶ, ನಿನ್ ಖಾಲಿ ಸಾಲ್ ಅಲ್ಲ ಅದ್. ನುಂಗಿದ್ದೆಲ್ಲ ಹೊರಗ್ ಹಾಕ್" ಎಂದು ಕೂಗಿದೆ. ನನ್ನ ಮುಖ ನೋಡಿ ಅವನು ಈ ಸಲ ಕಾಂಬ ಎನ್ನಲಿಲ್ಲ. ಆ ಎರಡು ಸಾಲು ತೆಗೆದು, ಹೊಂದದೆ ಬಿಟ್ಟುಹೋದದ್ದನ್ನೆಲ್ಲ ಇದ್ದ ಹಾಗೇ ತೋರಿಸು ಎಂದು ಬರೆದ. ಪರದೆ ತುಂಬ ಒಂದೇ ಮಾತು ಇಳಿಯತೊಡಗಿತು. ಲಾಭ. ಲಾಭ. ಲಾಭ. ಲಾಭ.

ಗಣೇಶ ಹಣೆ ಚಚ್ಚಿಕೊಂಡ.

ನಮ್ಮ ಕಡೆ ಭತ್ತ ಅಳೆಯುವಾಗ ಮೊದಲನೆಯದನ್ನು ಒಂದು ಎನ್ನುವುದಿಲ್ಲ. ಮನೆಗೆ ಬರುವ ಧಾನ್ಯ ಒಂದಕ್ಕೆ ನಿಲ್ಲಬಾರದು ಎಂದೋ ಏನೋ, ಲಾಭ ಎಂದು ಶುರುಮಾಡಿ ಎರಡು, ಮೂರು ಎಂದು ಮುಂದೆ ಹೋಗುವುದು. ಶೀನಣ್ಣ ಲಾಭ ಎಂದು ಕೂಗಿದರು, ಸುಮತಿ ಕೇಳಿದ್ದನ್ನು ಹೊಡೆದಳು. ನನ್ನ ಹಳೇ ಪ್ರೋಗ್ರಾಮು ಅಂಕಿ ಕಂಡರೆ ಅಂಕಿ, ಅಕ್ಷರ ಕಂಡರೆ ಅಕ್ಷರ ಎಂದು ಎರಡನ್ನೂ ಇಟ್ಟುಕೊಂಡು, ಒಟ್ಟು ಎಷ್ಟು ಸಾಲು ಎಂದು ಎಣಿಸಿ ಸರಿಯಾದ ಚೀಟಿ ಕೊಡುತ್ತಿತ್ತು. ಆ್ಯಪು ಮಾತ್ರ ಲಾಭ ಅಂಕಿಯಲ್ಲ ಎಂದು ಮೊದಲ ಗೋಣಿಯನ್ನು ತೂಕದ ಸಮೇತ ಬಿಟ್ಟುಬಿಡುತ್ತಿತ್ತು. ಭತ್ತ ಕಡಿಮೆ ಕಂಡದ್ದರಿಂದಲೇ ಅಕ್ಕಿ ಹೆಚ್ಚು ಬಿದ್ದ ಹಾಗೆ ಕಂಡದ್ದು. ಕಳ್ಳತನದ ಸಿಟ್ಟು, ಹೊಸ ಮಿಶಿನಿನ ಹೆಮ್ಮೆ ಎರಡೂ ಸಾಹುಕಾರರಿಗೆ ಒಂದೇ ಕಡೆಯಿಂದ ಬಂದಿದ್ದವು.

ನನಗೆ ಮೈ ಪರಚಿಕೊಳ್ಳುವ ಹಾಗಾದದ್ದು ಬೇರೆ ಕಾರಣಕ್ಕೆ. ನನ್ನ ಅಮ್ಮ ಬಂಗುಡೆ ಎಣಿಸಿ ಹಾಕುವಾಗಲೂ ಶುರುಮಾಡುವುದು ಲಾಭ ಎಂದೇ. ಗಣೇಶನ ಮನೆಯಲ್ಲೂ ಹಾಗೇ. ಹುಟ್ಟಿದಾಗಿನಿಂದ ಕೇಳಿದ ಮಾತು. ಮೇಜಿನ ಮುಂದೆ ಕೂತು ಸುಳ್ಳು ಗೋಣಿ ಎಣಿಸುವಾಗ ಮಾತ್ರ ಇಬ್ಬರಿಗೂ ಒಂದು, ಎರಡು, ಮೂರೇ ಬಂದದ್ದು.

ಖಾತ್ರಿಗೆಂದು ಸುಮತಿಗೆ ಫೋನು ಮಾಡಿದೆ. "ಮೊದಲ್ನೇ ಗೋಣಿಗ್ ಒಂದ್ ಅಂದೇಳಿ ಹೊಡುಕಾಗ್ದಾ?"

"ಅಯ್ಯೋ ಅಕ್ಕ, ಭತ್ತಕ್ ಯಾರಾರೂ ಒಂದ್ ಅಂಬ್ರಾ?" ಎಂದಳು. ನಾನೇ ಏನೋ ಕೇಳಬಾರದ್ದು ಕೇಳಿದ ಹಾಗೆ.

ಸಾಹುಕಾರರಿಗೂ ಫೋನು ಮಾಡಿ ಇದನ್ನೆಲ್ಲ ತಿಳಿಸಿದೆ. ಪೂರಾ ಕೇಳಿ, "ಹಾಂಗಾರೆ ಕಂಪ್ಯೂಟರಿಂದ್ ತಪ್ಪ್ ಅನ್ನಿ" ಎಂದರು.

"ಕಂಪ್ಯೂಟರ್ ಮೊದಲ್ನೇ ದಿನವೇ ಹೇಳಿತ್ತ್, ಸಾವ್ಕಾರ್ರೆ. ಕೆಂಪಕ್ಷರ ಬಪ್ಪುಕಾಗ ಅಂದೇಳಿ ನೀವೇ ಅದ್ರ ಬಾಯ್ ಮುಚ್ಸಿದ್ರಿ."

ಅವರು ಅದಕ್ಕೆ ಕಿವಿಗೊಡದೆ, "ಹಾಂಗಾರೆ ಅಕ್ಕಿ ಜಾಸ್ತಿ ಬಿದ್ದದ್ದ್?" ಎಂದು ಕೇಳಿದರು. ಅದೂ ಇಲ್ಲೆ ಎಂದೆ. ಒಬ್ಬ ಮನುಷ್ಯನ ಮಾನ ಹೋದದ್ದಕ್ಕಿಂತ ಅದೇ ಅವರಿಗೆ ಹೆಚ್ಚು ತಟ್ಟಿದ ಹಾಗೆ ಕಂಡಿತು. ಸ್ಟೇಷನಿಗೆ ಹೋಗುವ ಮಾತು ಬಿಟ್ಟರು. ನಾಳೆಯಿಂದ ಸುಮತಿ ಒಂದು ಎಂದೇ ಹೊಡೆಯಲಿ, ಈ ಹಳೇ ಕಾಲದ ಗೊಡ್ಡು ಪದ್ಧತಿ ಇನ್ನು ಸಾಕು, ಶೀನನಿಗೆ ನೀವೇ ಹೋಗಿ ಬಾ ಎನ್ನಿ ಎಂದು ನನಗೆ ಹೇಳಿ ಫೋನಿಟ್ಟರು. ನಾನು ಪ್ರೋಗ್ರಾಮ್ ಬರೆಯುವವಳೋ ಅವರ ಸಂಧಾನ ಮಾಡುವವಳೋ ಎಂದು ರೇಗಿತು. ಆದರೂ ಹೋದೆ. ಗೇಟಿಗೆ ನಡೆಯುವ ಮೊದಲು ಶೀನಣ್ಣ ನನ್ನನ್ನು ನೋಡಿದ ನೋಟ ಮರೆಯಲು ಆಗಿರಲಿಲ್ಲ.

ಗುಲ್ವಾಡಿಯಲ್ಲಿ 'ಭತ್ತ ತೂಗುವ ಶೀನಣ್ಣನ ಮನೆ' ಎಂದು ಕೇಳಿದಾಗ ಅಂಗಡಿಯವನು ದಾರಿ ತೋರಿಸುತ್ತ, "ಈಗ ತೂಗುದಿಲ್ಲೆ ಅಂಬ್ರ್, ಅಲ್ದಾ?" ಎಂದ. ಸುದ್ದಿ ನನಗಿಂತ ಮೊದಲೇ ಹೊಳೆ ದಾಟಿ ಬಂದಿತ್ತು. ಶೀನಣ್ಣ ಹೊಳೆ ಬದಿಯ ಬೇಲಿ ಕಟ್ಟುತ್ತಿದ್ದರು. ಅವರ ಹೆಂಡತಿ ಚಾ ತಂದಿಟ್ಟು, ನನ್ನ ಮುಖ ನೋಡದೆ ಒಳಗೆ ಹೋದರು. ನಾನು ನಡೆದದ್ದನ್ನು ನಿಧಾನವಾಗಿ ಹೇಳಿದೆ. ಅವರು ಬೇಲಿಗೆ ಗೂಟ ಹೊಡೆಯುವುದನ್ನು ನಿಲ್ಲಿಸಲಿಲ್ಲ.

"ಹಾಂಗಾರೆ ಕಂಪ್ಯೂಟರಿಗ್ ಮೊದ್ಲೇ ಗೊತ್ತಿದ್ದಿತ್ತಾ ಸರಿ ಇಲ್ಲೆ ಅಂದೇಳಿ?" ಎಂದು ಕೇಳಿದರು.

"ಗೊತ್ತಿದ್ದಿತ್."

"ಮತ್ ಎಂತಕ್ಕ್ ಸುಮ್ನಿದ್ದಿತ್?"

"ಸುಮ್ನಿರ್ ಅಂದದ್ಕೆ."

ಯಾರು ಎಂದು ಅವರು ಕೇಳಲಿಲ್ಲ. ಗೂಟ ಅಲುಗಾಡಿಸಿ ನೋಡಿದರು. ಸಾವ್ಕಾರ್ರ್ ಬಪ್ಪುಕ್ ಹೇಳಿರ್ ಎಂದೆ.

"ಕದ್ದೆ ಅಂದದ್ ತೂಕದ ಮಿಶಿನ್ ಹತ್ರ, ಎಲ್ರ ಎದ್ರಿಗೆ" ಎಂದರು. "ಕದೀಲಿಲ್ಲೆ ಅಂಬುದ್ ಈ ಬೇಲಿ ಬುಡದಲ್ಲಾ, ತಂಗಿ? ಅದೂ ನಿನ್ ಬಾಯಲ್ಲಾ? ಇಲ್ಲಿ ಕೇಂಬುಕ್ ಯಾರಿದ್ರ್, ನಮ್ಮನಿ ಹೆಣ್ಣ್ ಬಿಟ್ರೆ?" ಆಗ ಮೊದಲ ಬಾರಿಗೆ ಕೆಲಸ ಬಿಟ್ಟು ಮನೆಯ ಕಡೆ ನೋಡಿದರು. "ಅವ್ಳಿಗ್ ಹೇಳ್ಕಾ? ಅವ್ಳಿಗ್ ಗೊತ್ತಿತ್ತ್."

ನನಗೆ ಅಳು ಬಂತು, ಸಿಟ್ಟೂ ಬಂತು. ಅವರ ಮಾತು ಸರಿಯಾಗಿಯೇ ಇತ್ತು. ತಪ್ಪು ಎಲ್ಲಿ ಒಳಗೆ ಬಂತೋ ಅಲ್ಲೇ, ಅದನ್ನು ತಂದವರ ಎದುರಿಗೇ ಹೇಳಬೇಕು ಎಂದು ನಾನೂ ಗಣೇಶನೂ ಇಡೀ ಕೊಯ್ಲು ಕಿತ್ತಾಡಿದ್ದೆವು. ಯಾವುದೋ ಬೇಲಿ ಬುಡದಲ್ಲಿ ಹೇಳಿದರೆ ಹೇಳಿದ ಹಾಗಲ್ಲ. ಹಾಗಾದರೆ ಒಂದು ದಿನ ಸುಮ್ಮನೆ ಬಂದು ನಿಲ್ಲಿ, ತೂಗುವುದು ಬೇಡ, ಎಂದು ಬೇಡಿಕೊಂಡೆ. ಅವರು ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಆಫೀಸಿನಲ್ಲಿ ಇನ್ನೊಂದು ಸುತ್ತು. ಅಂಕಿ ಬಿಟ್ಟು ಬೇರೇನೂ ಹೊಡೆಯಲು ಆಗದ ಹಾಗೆ ಟ್ಯಾಬನ್ನೇ ಬಿಗಿ ಮಾಡುತ್ತೇನೆ ಎಂದು ಗಣೇಶ ಹಟ ಹಿಡಿದ. ಮಾಡು, ಸುಮತಿ ಮೊದಲ ಗೋಣಿ ಬಿಟ್ಟು ಎರಡರಿಂದಲೇ ಹೊಡೆಯುತ್ತಾಳೆ, ಆಗ ನಿನ್ನ ಅಂಕಿಗಳೆಲ್ಲ ಶುದ್ಧವಾಗಿರುತ್ತವೆ, ಗೋಣಿ ಮಾತ್ರ ಇರುವುದಿಲ್ಲ ಎಂದೆ. ಕೊನೆಗೆ ಒಪ್ಪಿದ. ಪಟ್ಟಿಯನ್ನು ಇಡಿಯಾಗಿ ನಂಬುವುದು ಬಿಟ್ಟು ಬಾಗಿಲಲ್ಲೇ ಒಂದೊಂದನ್ನೂ ಬಿಚ್ಚಿ ನೋಡುವುದು. ಲಾಭ ಬಂದರೆ ಒಂದು ಎಂದು ಒಳಗೆ ಬಿಡುವುದು. ಬೇರೆ ಏನೇ ಬಂದರೂ ನುಂಗದೆ, ಬಂದದ್ದು ಇಂಥದು ಎಂದು ಆಗಲೇ ಸುಮತಿಯ ಟ್ಯಾಬಿನಲ್ಲಿ ಕೆಂಪಾಗಿ ತೋರಿಸುವುದು. ಮುಂಬೈಗೆ ಅಲ್ಲ.

ಅದನ್ನು ಹಾಕಿಕೊಡಲು ನಾನು ಮಿಲ್ಲಿಗೆ ಹೋದ ಬೆಳಿಗ್ಗೆ ಬಿಸಿಲಿತ್ತು. ಅಂಗಳ ಪೂರ್ತಿ ಬೆಂದ ಭತ್ತದ ವಾಸನೆ. ಹೊಸದನ್ನು ಹಾಕಿ ಮುಗಿಸುವಷ್ಟರಲ್ಲಿ ಬೈಂದೂರಿನ ಕಡೆಯ ಲಾರಿಯೊಂದು ಬಂದು ನಿಂತಿತು. ಸಂಖ್ಯೆ ಕೂಗುವವರಿಲ್ಲದೆ ಲೋಡಿಂಗಿನವರು ಸುಮ್ಮನೆ ಬೀಡಿ ಸೇದುತ್ತಿದ್ದರು. ಸಾಹುಕಾರರು ಸುಮತಿಗೆ ಗದರುತ್ತಿದ್ದರು: "ಒಂದ್ ಅಂದೇಳಿ ಹೊಡೀ ಅಂದ್ರೆ ಹೊಡುಕೆ ಎಂತ ದಾಡಿ ನಿಂಗೆ?" ಸುಮತಿ ಟ್ಯಾಬನ್ನು ಮಡಿಲಲ್ಲಿಟ್ಟುಕೊಂಡು, "ನನ್ ಕೈಯಿಂದ ಆತಿಲ್ಲೆ" ಎಂದಳು. ಗೇಟಿನ ಹೊರಗೆ, ಒಳಗೆ ಕಾಲಿಡದೆ, ಶೀನಣ್ಣ ನಿಂತಿದ್ದರು.

"ಕೊಡಿಲ್ಲಿ, ನಾನೇ ಹೊಡಿತೆ. ಗೋಣಿ ಇಡ್ರಾ" ಎಂದು ಸಾಹುಕಾರರು ಟ್ಯಾಬ್ ಕಸಿದುಕೊಂಡರು. ಮೊದಲ ಗೋಣಿ ಯಂತ್ರದ ಮೇಲೆ ಕೂತಿತು. ಎಲ್ಲರೂ ಅವರ ಬಾಯಿ ನೋಡುತ್ತಿದ್ದರು. ಅವರು ಗೋಣಿಯ ಮೇಲೆ ಒಂದು ಕೈ ಇಟ್ಟರು, ಅಪ್ಪನ ಜೊತೆ ಚಿಕ್ಕಂದಿನಲ್ಲಿ ಅಲ್ಲಿ ನಿಂತ ಅಭ್ಯಾಸವಿರಬೇಕು, ಬಾಯಿ ತೆರೆದರು.

"ಲಾಭ!"

ಅಂಗಳದ ಆ ತುದಿಗೂ ಕೇಳಿತು. ಯಾರೋ ಒಬ್ಬ ಕಿಸಕ್ಕೆಂದು ನಕ್ಕು ಸುಮ್ಮನಾದ. ಸಾಹುಕಾರರ ಮುಖ ಕೆಂಪಾಯಿತು, ಆದರೆ ಬೆರಳು ಒಂದು ಎಂದು ಹೊಡೆಯಲಿಲ್ಲ. ಬಾಯಿ ಹೇಳಿದ್ದನ್ನೇ ಹೊಡೆಯಿತು. ಮುಂದಿನದನ್ನು ಎರಡು ಎಂದರು. ಲಾರಿ ಖಾಲಿಯಾಗುವವರೆಗೂ ತಾವೇ ಕೂಗಿದರು. ಚೀಟಿಯನ್ನೂ ಫೋನನ್ನೂ ಹಿಡಿದು ನೋಡಿದರು. ಎರಡೂ ಒಂದೇ.

"ಕಂಡ್ರಲೆ, ಕಂಪ್ಯೂಟರ್ ತಪ್ಪ್ ಮಾಡಿದ್ದ್" ಎಂದರು ಎಲ್ಲರಿಗೂ ಕೇಳುವ ಹಾಗೆ.

ನನಗೆ ತಡೆಯಲಾಗಲಿಲ್ಲ. ಆದರೆ ನಾನು ಬಾಯಿ ಬಿಡುವ ಮೊದಲೇ ಸುಮತಿ ಎದ್ದು ನಿಂತಳು. "ಅವತ್ತ್ ಇಲ್ಲಿ ಕಂಪ್ಯೂಟರ್ ಎಂತದೂ ಹೇಳ್ಳಿಲ್ಲೆ, ಸಾವ್ಕಾರ್ರೆ. ಹೇಳಿದ್ದ್ ನೀವ್."

ಲಾರಿಯವನೂ ಕೆಳಗಿಳಿದು ಬಂದ. ಸಾಹುಕಾರರು ಒಮ್ಮೆ ನನ್ನನ್ನು, ಒಮ್ಮೆ ಫೋನನ್ನು, ಕೊನೆಗೆ ಗೇಟಿನ ಕಡೆ ನೋಡಿದರು. ಅಲ್ಲಿಯವರೆಗೆ ನಡೆದುಹೋಗಿ, "ಬಾ ಶೀನ" ಎಂದು ಕರೆದುಕೊಂಡು ಬಂದು ತೂಕದ ಯಂತ್ರದ ಹತ್ತಿರ ನಿಲ್ಲಿಸಿದರು. "ಶೀನ ಕದೀಲಿಲ್ಲೆ. ನಾನ್ ಕಾಣ್ದೇ ಹೇಳ್ದೆ. ನಂದೇ ತಪ್ಪ್" ಎಂದರು. ದನಿ ಅವತ್ತಿನಷ್ಟು ದೊಡ್ಡದಿರಲಿಲ್ಲ, ಆದರೂ ಎಲ್ಲರಿಗೂ ಕೇಳಿತು. ಆಮೇಲೆ ಏನು ಮಾಡುವುದೆಂದು ತಿಳಿಯದೆ ಮೊಬೈಲನ್ನು ಅವರ ಮುಂದೆ ಹಿಡಿದು, "ಕಾಣ್, ಈಗ ಸಮ ಇತ್ತ್" ಎಂದರು.

ಶೀನಣ್ಣ ಮೊಬೈಲಿನ ಕಡೆ ಕಣ್ಣು ಕೂಡ ತಿರುಗಿಸಲಿಲ್ಲ. ಬೈರಾಸಿನಿಂದ ತೂಕದ ಯಂತ್ರದ ಮೇಲಿನ ಧೂಳು ಒರೆಸಿದರು.

"ನಂಗೆಂತಕ್ಕ್ ಕಾಣ್ಕ್, ಸಾವ್ಕಾರ್ರೆ? ನಂಗ್ ಅವತ್ತೇ ಗೊತ್ತಿದ್ದಿತ್" ಎಂದು, ಮುಂದಿನ ಲೋಡು ತರಲು ಕೂಗಿದರು.